ಸೂಜಿ, ಗುಳಿಗೆ ಮತ್ತು ದ್ರವರೂಪದ ಉಪ್ಪು

ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿಯ ಅಧ್ಯಯನ ಲೇಖನ



ಅಕೌಂಟೆನ್ಸಿ ಓದುವವರು ಔಷಧಿಯ ಬಗ್ಗೆ ಪಾಠ ಬರೆದರೆ ವಿಜ್ಞಾನ ವಿಭಾಗದ ಗೆಳೆಯರು ನಗಬಹುದು. ನಗಲಿ. ಆದರೆ ಈ ಪಾಠ ನಾನು ಕಲಿತದ್ದು ಪರೀಕ್ಷೆಗಾಗಿ ಅಲ್ಲ. ನಾನು ಮಾಡಿದ ಒಂದು ತಪ್ಪಿನಿಂದ ಕಲಿತೆ. ಅದನ್ನೇ ಮೊದಲು ಹೇಳುತ್ತೇನೆ.

ನಮ್ಮ ಮನೆ ಬಸವಕಲ್ಯಾಣದಲ್ಲಿ. ಮನೆಯಲ್ಲಿ ಮಾತು ಉರ್ದು. ನನ್ನ ದಾದಿಗೆ, ಅಂದರೆ ಅಪ್ಪನ ತಾಯಿಗೆ, ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಬಾರಿ ಇನ್ಸುಲಿನ್ ಚುಚ್ಚಬೇಕು. ಒಂಬತ್ತನೇ ತರಗತಿಯಿಂದ ಆ ಕೆಲಸ ನನ್ನದೇ. ಬೆಳಿಗ್ಗೆ ಹುಮನಾಬಾದಿನ ಬಸ್ಸಿಗೆ ಓಡುವ ಮೊದಲು ಒಂದು, ರಾತ್ರಿ ಊಟಕ್ಕೆ ಮೊದಲು ಒಂದು. ದಾದಿಗೆ ಸೂಜಿ ಎಂದರೆ ಇಷ್ಟವಿಲ್ಲ. ದಿನವೂ "ಸೂಯಿ ನಕ್ಕೊ" ಎನ್ನುತ್ತಾರೆ, ಆಮೇಲೆ ತಾವೇ ಹೊಟ್ಟೆಯ ಬದಿ ತೋರಿಸುತ್ತಾರೆ.

ಕಳೆದ ವರ್ಷ ನನ್ನ ಫೋನಿಗೆ ಒಂದು ವಿಡಿಯೊ ಬಂತು. "ಇನ್ನು ಸೂಜಿ ಬೇಡ, ಇನ್ಸುಲಿನ್ ಗುಳಿಗೆ ಬಂತು" ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ನಾನು ಪೂರ್ತಿ ನೋಡಲಿಲ್ಲ. ಖುಷಿಯಿಂದ ದಾದಿಗೆ ಓದಿ ಹೇಳಿದೆ. ಅದೇ ವಾರ ಮಾವನ ಮಗಳ ಮದುವೆಗೆ ನಾವೆಲ್ಲ ಹೋದೆವು. ದಾದಿ ಮನೆಯಲ್ಲೇ ಉಳಿದರು. ಅವರ ಬಳಿ ಹಳೆಯ ಸಕ್ಕರೆ ಗುಳಿಗೆಗಳ ಪಟ್ಟಿ ಇತ್ತು. ಗುಳಿಗೆಯೇ ಸಾಕು ಎಂದು ಅವರು ನಂಬಿದರು, ಏಕೆಂದರೆ ಓದಿದ ಮೊಮ್ಮಗು ಹೇಳಿದೆ. ನೆರೆಮನೆಯವರು ಸೂಜಿ ಹಾಕಲು ಬಂದರೆ ಬೇಡವೆಂದು ಕಳಿಸಿದರು. ಮೂರು ದಿನ ಇನ್ಸುಲಿನ್ ಇಲ್ಲ. ನಾವು ಮರಳಿದಾಗ ಅವರು ಎದ್ದು ಕೂರುವ ಸ್ಥಿತಿಯಲ್ಲಿರಲಿಲ್ಲ. ಮೀಟರಿನಲ್ಲಿ ಸಕ್ಕರೆ 400 ದಾಟಿತ್ತು. ಆಸ್ಪತ್ರೆಯಲ್ಲಿ ಎರಡು ರಾತ್ರಿ ಸಲೈನ್ ಮತ್ತು ಇನ್ಸುಲಿನ್ ಹಾಕಿದ ಮೇಲೆ ಕಣ್ಣು ತೆರೆದು ಮಾತಾಡಿದರು. ಅವರು ಕೇಳಿದ ಮೊದಲ ಪ್ರಶ್ನೆ, "ಗೋಲಿ ಆಯಿ ಬೋಲಾ ಥಾ ನಾ ಬೇಟಾ?" ಗುಳಿಗೆ ಬಂತು ಎಂದಿದ್ದೆಯಲ್ಲ?

ಆ ಪ್ರಶ್ನೆಗೆ ಆ ದಿನ ನನ್ನ ಬಳಿ ಉತ್ತರ ಇರಲಿಲ್ಲ. ರಸಾಯನಶಾಸ್ತ್ರದ ಉಪನ್ಯಾಸಕರನ್ನು ಕೇಳಿದೆ. ಅವರು ಬಿಡುವಿನ ವೇಳೆಯಲ್ಲಿ ನಾಲ್ಕು ದಿನ ಕೂರಿಸಿ ಹೇಳಿಕೊಟ್ಟರು. ಕೊನೆಯಲ್ಲಿ, "ನಿನ್ನಂತೆ ಅರ್ಧ ಓದುವವರು ಇನ್ನೂ ಇದ್ದಾರೆ, ಅವರಿಗಾಗಿ ಬರೆ" ಎಂದರು. ಹಾಗಾಗಿ ಈ ಲೇಖನ.

ದೊಡ್ಡ ಅಣು ಎಂದರೆ ಎಷ್ಟು ದೊಡ್ಡದು?

ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗುತ್ತೇವೆ, ಕೆಲಸ ಮಾಡುತ್ತದೆ. ಇನ್ಸುಲಿನ್ ನುಂಗಿದರೆ ಏಕೆ ಮಾಡುವುದಿಲ್ಲ? ಮೊದಲ ಕಾರಣ ಗಾತ್ರ.

ಅಣುಗಳ ತೂಕವನ್ನು ಡಾಲ್ಟನ್ ಎಂಬ ಮಾನದಲ್ಲಿ ಹೇಳುತ್ತಾರೆ. ಪ್ಯಾರಾಸಿಟಮಾಲ್ ಅಣುವಿನ ತೂಕ ಸುಮಾರು 151. ಆಸ್ಪಿರಿನ್ 180. ಸಕ್ಕರೆ ಕಾಯಿಲೆಯ ಸಾಮಾನ್ಯ ಗುಳಿಗೆಯಾದ ಮೆಟ್‌ಫಾರ್ಮಿನ್ ಸುಮಾರು 129. ಇನ್ಸುಲಿನ್ ತೂಕ ಸುಮಾರು 5,808. ಅಂದರೆ ಒಂದು ಇನ್ಸುಲಿನ್ ಅಣು ಸುಮಾರು 38 ಪ್ಯಾರಾಸಿಟಮಾಲ್ ಅಣುಗಳಷ್ಟು ಭಾರ.

1997ರಲ್ಲಿ ಫೈಜರ್ ಕಂಪನಿಯ ವಿಜ್ಞಾನಿ ಕ್ರಿಸ್ಟೋಫರ್ ಲಿಪಿನ್ಸ್ಕಿ ಮತ್ತು ಸಂಗಡಿಗರು ನುಂಗುವ ಔಷಧಿಗಳನ್ನು ಪರಿಶೀಲಿಸಿ ಒಂದು ಸರಳ ನಿಯಮ ಹೇಳಿದರು. ಅಣುವಿನ ತೂಕ 500 ದಾಟಿದರೆ ಕರುಳು ಅದನ್ನು ಹೀರಿಕೊಳ್ಳುವುದು ಸಾಮಾನ್ಯವಾಗಿ ಕಷ್ಟ. ಇದಕ್ಕೆ ಅಪವಾದಗಳಿವೆ. ಆದರೆ ಇನ್ಸುಲಿನ್ ಆ ಗಡಿಗಿಂತ ಹತ್ತು ಪಟ್ಟಿಗೂ ಹೆಚ್ಚು ಮುಂದೆ ನಿಂತಿದೆ.

ಎರಡನೆಯ ಕಾರಣ ಅದರ ಜಾತಿ. ಇನ್ಸುಲಿನ್ ಒಂದು ಪ್ರೋಟೀನ್. 21 ಮತ್ತು 30 ಅಮೈನೋ ಆಮ್ಲಗಳ ಎರಡು ಸರಪಳಿ, ಒಟ್ಟು 51 ಮಣಿ. ನಾವು ತಿನ್ನುವ ಬೇಳೆ, ಮೊಟ್ಟೆ, ಮಾಂಸದಲ್ಲಿ ಇರುವುದೂ ಪ್ರೋಟೀನೇ. ಹೊಟ್ಟೆಗೆ ಇದು ಔಷಧಿ, ಅದು ಊಟ ಎಂಬ ಭೇದ ಗೊತ್ತಿಲ್ಲ. ಇನ್ಸುಲಿನ್ ಬಂದರೂ ಬೇಳೆಯಂತೆಯೇ ಕತ್ತರಿಸಿ ಜೀರ್ಣ ಮಾಡುತ್ತದೆ.

ಹೊಟ್ಟೆಯ ದಾರಿಯ ಮೂರು ನಾಕಾ

ಹೈದರಾಬಾದಿನಿಂದ ಸೋಲಾಪುರಕ್ಕೆ ಹೋಗುವ ಲಾರಿಗಳು ನಮ್ಮ ಹೆದ್ದಾರಿಯಲ್ಲಿ ನಾಕಾಗಳಲ್ಲಿ ನಿಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ನುಂಗಿದ ಇನ್ಸುಲಿನ್ ರಕ್ತಕ್ಕೆ ಸೇರಬೇಕಾದರೂ ಮೂರು ನಾಕಾ ದಾಟಬೇಕು.

ಮೊದಲನೆಯದು ಜಠರ ಮತ್ತು ಕಿಣ್ವಗಳು. ಜಠರದಲ್ಲಿ ಬಲವಾದ ಆಮ್ಲವಿದೆ, ಪೆಪ್ಸಿನ್ ಎಂಬ ಕಿಣ್ವವಿದೆ. ಅದನ್ನು ದಾಟಿ ಸಣ್ಣ ಕರುಳಿಗೆ ಬಂದರೆ ಟ್ರಿಪ್ಸಿನ್, ಕೈಮೊಟ್ರಿಪ್ಸಿನ್ ಕಾದು ಕುಳಿತಿವೆ. ಇವೆಲ್ಲ ಪ್ರೋಟೀನ್ ಕತ್ತರಿಸುವ ಕತ್ತರಿಗಳು.

ಎರಡನೆಯದು ಲೋಳೆ. ಕರುಳಿನ ಒಳಗೋಡೆಯ ಮೇಲೆ ಅಂಟು ಪದರವೊಂದಿದೆ. ಬೆಂಡೆಕಾಯಿಯ ಲೋಳೆ ನೆನೆಸಿಕೊಳ್ಳಿ. ಚಿಕ್ಕ ಅಣು ಅದರಲ್ಲಿ ನುಸುಳುತ್ತದೆ, ದೊಡ್ಡದು ಸಿಕ್ಕಿಕೊಳ್ಳುತ್ತದೆ.

ಮೂರನೆಯದು ಗೋಡೆ. ಲೋಳೆಯ ಕೆಳಗೆ ಜೀವಕೋಶಗಳು ಒಂದೇ ಸಾಲಿನಲ್ಲಿ ಒತ್ತಾಗಿ ನಿಂತಿವೆ, ಜಮಾತಿನ ಸಫ್ಫಿನಂತೆ, ಹೆಗಲಿಗೆ ಹೆಗಲು. ಎರಡು ಕೋಶಗಳ ನಡುವಿನ ಸಂದನ್ನು ಬಿಗಿ ಬೆಸುಗೆಗಳು ಮುಚ್ಚಿರುತ್ತವೆ. ಅಲ್ಲಿ ನೀರು ಮತ್ತು ಉಪ್ಪಿನ ಅಯಾನುಗಳು ಹೋಗಬಲ್ಲವು. ಇನ್ಸುಲಿನ್ ಹಿಡಿಸುವುದಿಲ್ಲ. ಕೋಶದ ಒಳಗಿಂದ ಹೋಗೋಣ ಎಂದರೆ ಕೋಶದ ಪೊರೆ ಕೊಬ್ಬಿನದು, ಇನ್ಸುಲಿನ್ ನೀರಿಗೆ ಹೊಂದುವ ದೊಡ್ಡ ಅಣು, ಅಲ್ಲೂ ಪ್ರವೇಶವಿಲ್ಲ.

ಇಲ್ಲಿ ಒಂದು ಮಾತು ಗಮನಿಸಬೇಕು. ಈ ನಾಕಾಗಳು ದೇಹದ ತಪ್ಪಲ್ಲ. ಅವು ಇಲ್ಲದಿದ್ದರೆ ಊಟದ ಜೊತೆ ಬಂದ ರೋಗಾಣುಗಳೂ ವಿಷಗಳೂ ನೇರವಾಗಿ ರಕ್ತಕ್ಕೆ ಹೋಗುತ್ತಿದ್ದವು. ಆದ್ದರಿಂದ ನಾಕಾ ಒಡೆಯುವುದು ಉತ್ತರವಲ್ಲ. ಸ್ವಲ್ಪ ಹೊತ್ತು, ಸ್ವಲ್ಪ ಜಾಗದಲ್ಲಿ ದಾರಿ ಬಿಡಿಸಿ ಮತ್ತೆ ಮುಚ್ಚುವಂತೆ ಮಾಡಬೇಕು.

ಉಪ್ಪು ದ್ರವವಾಗಲು ಸಾಧ್ಯವೇ?

ಅಡಿಗೆ ಉಪ್ಪು ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳಿಂದ ಆಗಿದೆ. ಸೋಡಿಯಂಗೆ ಧನ ವಿದ್ಯುದಂಶ, ಕ್ಲೋರೈಡಿಗೆ ಋಣ ವಿದ್ಯುದಂಶ. ಎರಡೂ ಚಿಕ್ಕವು, ದುಂಡಗಿನವು. ಅವು ಇಟ್ಟಿಗೆಗಳಂತೆ ಸಾಲಾಗಿ, ಗಟ್ಟಿಯಾಗಿ ಜೋಡಣೆಯಾಗುತ್ತವೆ. ಆ ಜೋಡಣೆ ಕೆಡಿಸಿ ಉಪ್ಪನ್ನು ಕರಗಿಸಲು 801 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನೀರಿನಲ್ಲಿ ಕರಗುವುದು ಬೇರೆ ಮಾತು. ಇಲ್ಲಿ ಹೇಳುತ್ತಿರುವುದು ನೀರಿಲ್ಲದೆ ಉಪ್ಪೇ ದ್ರವವಾಗುವ ವಿಷಯ.

ಈಗ ಇಟ್ಟಿಗೆಯ ಬದಲು ಒಂದು ಕುರ್ಚಿ, ಒಂದು ಸೈಕಲ್, ಒಂದು ಕೊಡ, ಒಂದು ಛತ್ರಿ ಕೊಟ್ಟು ಕೋಣೆಯಲ್ಲಿ ಒತ್ತಾಗಿ ಜೋಡಿಸು ಎಂದರೆ ಆಗುತ್ತದೆಯೇ? ಇಲ್ಲ. ಅಯಾನುಗಳೂ ಹಾಗೆಯೇ. ಅವು ದೊಡ್ಡದಾಗಿ, ವಕ್ರ ಆಕಾರದಲ್ಲಿದ್ದರೆ ಗಟ್ಟಿ ಹರಳು ಕಟ್ಟಲಾರವು. ಕಡಿಮೆ ಉಷ್ಣತೆಯಲ್ಲೇ ದ್ರವವಾಗಿ ಉಳಿಯುತ್ತವೆ. 100 ಡಿಗ್ರಿಗಿಂತ ಕಡಿಮೆಯಲ್ಲಿ ದ್ರವವಾಗಿರುವ ಉಪ್ಪಿಗೆ ಅಯಾನಿಕ್ ದ್ರವ ಎನ್ನುತ್ತಾರೆ. 1914ರಲ್ಲಿ ಪಾಲ್ ವಾಲ್ಡೆನ್ ಎಂಬ ವಿಜ್ಞಾನಿ ಈಥೈಲ್ ಅಮೋನಿಯಂ ನೈಟ್ರೇಟ್ ಎಂಬ ಉಪ್ಪು 12 ಡಿಗ್ರಿಯಲ್ಲೇ ಕರಗುತ್ತದೆ ಎಂದು ಬರೆದರು. ನಮ್ಮ ಊರಿನಲ್ಲಿ ಅದು ಹೆಚ್ಚುಕಡಿಮೆ ವರ್ಷವಿಡೀ ದ್ರವವಾಗಿಯೇ ಇರುತ್ತಿತ್ತು.

ಅಯಾನಿಕ್ ದ್ರವದ ಲಾಭವೇನು? ಧನ ಅಯಾನು ಒಂದು, ಋಣ ಅಯಾನು ಒಂದು, ಎರಡನ್ನೂ ನಾವೇ ಆರಿಸಬಹುದು. ಜೋಡಿ ಬದಲಿಸಿದರೆ ಗುಣ ಬದಲಾಗುತ್ತದೆ. ಅನೇಕ ಹಳೆಯ ಅಯಾನಿಕ್ ದ್ರವಗಳು ಕಾರ್ಖಾನೆಯ ಕೆಲಸಕ್ಕೆ ಮಾತ್ರ ಸರಿ, ಹೊಟ್ಟೆಗೆ ಅಲ್ಲ. ಔಷಧಿಗೆ ಬೇಕೆಂದರೆ ಎರಡೂ ಭಾಗಗಳು ದೇಹಕ್ಕೆ ಪರಿಚಯವಿರುವ ವಸ್ತುಗಳಾಗಿರಬೇಕು.

ಸೋಲಾಪುರದಲ್ಲಿ ಹುಟ್ಟಿದ ವಿಜ್ಞಾನಿ

ಈ ಕೆಲಸ ಮಾಡಿದ ತಂಡದ ಮುಖ್ಯಸ್ಥರ ಹೆಸರು ಸಮೀರ್ ಮಿತ್ರಗೋತ್ರಿ. ಈಗ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಅವರು 1971ರಲ್ಲಿ ಹುಟ್ಟಿದ್ದು ಸೋಲಾಪುರದಲ್ಲಿ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಸಸ್ತಾಪುರ ಬಂಗ್ಲಾದಲ್ಲಿ ನಿಂತು ಕೈ ಮಾಡಿದರೆ ಸೋಲಾಪುರದ ಬಸ್ಸು ಸಿಗುತ್ತದೆ. ಕನ್ನಡ, ಮರಾಠಿ, ಉರ್ದು, ತೆಲುಗು ಎಲ್ಲವೂ ಕೇಳಿಬರುವ ಊರದು. ಚಾದರ ತರಲು ನಮ್ಮವರು ಹೋಗುವ ಊರು. ಅಲ್ಲಿಂದ ಮುಂಬೈಗೆ ಹೋಗಿ ರಾಸಾಯನಿಕ ಎಂಜಿನಿಯರಿಂಗ್ ಓದಿ, ಆಮೇಲೆ ಅಮೆರಿಕದ ಎಂ.ಐ.ಟಿ.ಯಲ್ಲಿ ಡಾಕ್ಟರೇಟ್ ಪಡೆದರು. ಸೂಜಿಯಿಲ್ಲದೆ ಔಷಧಿ ಕೊಡುವುದು ಹೇಗೆ ಎಂಬುದೇ ಅವರ ಬಹುಕಾಲದ ಸಂಶೋಧನೆ.

ಅವರ ತಂಡ ಆರಿಸಿದ ಜೋಡಿ ಕೋಲಿನ್ ಮತ್ತು ಜೆರಾನಿಕ್ ಆಮ್ಲ. ಕೋಲಿನ್ ಮೊಟ್ಟೆಯ ಹಳದಿಯಲ್ಲಿ, ಯಕೃತ್ತಿನಲ್ಲಿ ಇರುವ ಪೋಷಕಾಂಶ. ಜೆರಾನಿಕ್ ಆಮ್ಲ ಏಲಕ್ಕಿ ಮತ್ತು ನಿಂಬೆಹುಲ್ಲಿನಲ್ಲಿ ಸಿಗುವ ವಸ್ತು. ಕೋಲಿನ್ ಬೈಕಾರ್ಬೋನೇಟ್ ಒಂದು ಪಾಲು, ಜೆರಾನಿಕ್ ಆಮ್ಲ ಎರಡು ಪಾಲು ಸೇರಿಸಿದರೆ, ಸೋಡಾಕ್ಕೆ ನಿಂಬೆ ಹಿಂಡಿದಂತೆ ಗುಳ್ಳೆ ಬಂದು ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ನೀರು ತೆಗೆದ ಮೇಲೆ ಉಳಿಯುವುದು ಮಂದವಾದ ದ್ರವ. ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿ ಅದನ್ನು ಕೇಜ್ ಎಂದು ಕರೆದರು. ಮೊದಲು ಇದನ್ನು ಚರ್ಮದ ಮೇಲೆ ಹಚ್ಚುವ ಔಷಧಿಗಾಗಿ ಪರೀಕ್ಷಿಸಿದ್ದರು.

2018ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇನ್ಸುಲಿನ್ ಬಗ್ಗೆ ಅವರ ಲೇಖನ ಬಂತು. ಅವರು ಇನ್ಸುಲಿನ್ ಅನ್ನು ಕೇಜ್ ದ್ರವದಲ್ಲಿ ಬೆರೆಸಿದರು. ಅದನ್ನು ಜಠರದ ಆಮ್ಲದಲ್ಲಿ ಕರಗದೆ ಸಣ್ಣ ಕರುಳಿನಲ್ಲಿ ಮಾತ್ರ ಕರಗುವ ಲೇಪನದ ಕ್ಯಾಪ್ಸೂಲಿನಲ್ಲಿ ತುಂಬಿದರು. ಅದನ್ನು ಇಲಿಗಳಿಗೆ ನುಂಗಿಸಿದರು. ಮೂರು ನಾಕಾಗಳಲ್ಲಿ ಆದದ್ದು ಹೀಗೆ:

1. ಜಠರದ ಆಮ್ಲದಿಂದ ಕ್ಯಾಪ್ಸೂಲಿನ ಲೇಪನ ಕಾಪಾಡಿತು. ಕರುಳಿನಲ್ಲಿ ಕೇಜ್ ದ್ರವ ಕಿಣ್ವಗಳ ಕತ್ತರಿಯಿಂದ ಇನ್ಸುಲಿನ್ ಅನ್ನು ಕಾಪಾಡಿತು.

2. ಕೇಜ್ ಲೋಳೆಯೊಂದಿಗೆ ಬೆರೆತು ಅದನ್ನು ತೆಳುವಾಗಿಸಿತು.

3. ಕೋಶಗಳ ನಡುವಿನ ಬಿಗಿ ಬೆಸುಗೆಗಳು ಸಡಿಲವಾಗಿ, ಇನ್ಸುಲಿನ್ ಸಂದಿನಿಂದ ದಾಟಲು ದಾರಿಯಾಯಿತು.

ದೇಹದ ತೂಕದ ಪ್ರತಿ ಕಿಲೋಗೆ 10 ಯೂನಿಟ್ ಲೆಕ್ಕದಲ್ಲಿ ಕೊಟ್ಟಾಗ ಇಲಿಗಳ ರಕ್ತದ ಸಕ್ಕರೆ ಗರಿಷ್ಠ ಶೇಕಡಾ 45ರಷ್ಟು ಇಳಿಯಿತು. ಸೂಜಿಯಿಂದ ಕೊಟ್ಟ ಇನ್ಸುಲಿನ್ ಬೇಗ ಇಳಿಸಿ ಬೇಗ ಮುಗಿಯಿತು, ಕ್ಯಾಪ್ಸೂಲಿನ ಪರಿಣಾಮ ಗಂಟೆಗಟ್ಟಲೆ ಉಳಿಯಿತು. ಇಲಿಗಳ ಕರುಳಿಗೆ ಹಾನಿಯ ಗುರುತು ಕಾಣಲಿಲ್ಲ. ಈ ಮಿಶ್ರಣ ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ 2 ತಿಂಗಳು, ಫ್ರಿಜ್ಜಿನಲ್ಲಿ ಕನಿಷ್ಠ 4 ತಿಂಗಳು ಕೆಡದೆ ಉಳಿಯಿತು. ಕರೆಂಟು ಹೋದಾಗ ಇನ್ಸುಲಿನ್ ಬಾಟಲಿಯನ್ನು ಮಣ್ಣಿನ ಮಡಕೆಗೆ ಸಾಗಿಸುವ ನಮ್ಮಂಥ ಮನೆಗೆ ಈ ವಾಕ್ಯ ಎಷ್ಟು ದೊಡ್ಡದು ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಪ್ರಯೋಗಾಲಯದ ಕೋಣೆ ಬೇರೆ, ಮೇ ತಿಂಗಳ ಬಸವಕಲ್ಯಾಣದ ಕೋಣೆ ಬೇರೆ ಎಂಬುದನ್ನೂ ಮರೆಯಬಾರದು.

ಇನ್ನೊಂದು ಲಾಭವೂ ಇದೆ. ಆರೋಗ್ಯವಂತರ ದೇಹದಲ್ಲಿ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಮೊದಲು ಯಕೃತ್ತಿಗೆ ಹೋಗುತ್ತದೆ. ಕರುಳಿನಿಂದ ಹೀರಿದ ಇನ್ಸುಲಿನ್ ಕೂಡ ಅದೇ ರಕ್ತನಾಳದಿಂದ ಮೊದಲು ಯಕೃತ್ತಿಗೆ ಸೇರುತ್ತದೆ. ಚರ್ಮದ ಕೆಳಗೆ ಚುಚ್ಚಿದ್ದು ಇಡೀ ದೇಹ ಸುತ್ತಿ ಹೋಗುತ್ತದೆ.

ವಿಡಿಯೊದವರು ಈ ಸುದ್ದಿಯನ್ನೇ ಹಿಡಿದಿದ್ದರು. ಅದು ಸುಳ್ಳಲ್ಲ. ಆದರೆ "ಇಲಿ" ಎಂಬ ಪದ ವಿಡಿಯೊದ ಕೊನೆಯಲ್ಲಿತ್ತು. ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಬೆಂಗಳೂರಿನ ಪ್ರಯತ್ನ

ನಮ್ಮ ಕರ್ನಾಟಕದಲ್ಲೂ ಇದೇ ಗುರಿಗೆ ಬೇರೆ ದಾರಿಯಿಂದ ಹೋದವರಿದ್ದಾರೆ. ಕಿರಣ್ ಮಜುಂದಾರ್ 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಆರಂಭಿಸಿದಾಗ ತಯಾರಿಸಿದ ಮೊದಲ ವಸ್ತುಗಳಲ್ಲಿ ಒಂದು ಪಪಾಯಿಯಿಂದ ತೆಗೆದ ಪಪೈನ್. ಅದು ಪ್ರೋಟೀನ್ ಕತ್ತರಿಸುವ ಕಿಣ್ವ. ಮಾಂಸ ಬೇಗ ಬೇಯಲೆಂದು ನಮ್ಮ ಅಡಿಗೆಮನೆಯಲ್ಲಿ ಕಚ್ಚಾ ಪಪಾಯಿ ಹಚ್ಚುವುದು ಇದೇ ಕಾರಣಕ್ಕೆ. 2004ರಲ್ಲಿ ಅದೇ ಕಂಪನಿ ಯೀಸ್ಟ್ ಸಹಾಯದಿಂದ ತಯಾರಿಸಿದ ಮಾನವ ಇನ್ಸುಲಿನ್ ಅನ್ನು ಇನ್ಸುಜೆನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಪ್ರೋಟೀನ್ ಕತ್ತರಿಸುವುದರಿಂದ ಶುರುಮಾಡಿದ ಕಂಪನಿ, ಪ್ರೋಟೀನ್ ಕತ್ತರಿಸದಂತೆ ಕಾಪಾಡುವ ಪ್ರಯತ್ನಕ್ಕೂ ಇಳಿಯಿತು.

ಅವರ ಇನ್ಸುಲಿನ್ ಗುಳಿಗೆಯ ಹೆಸರು ಮೊದಲು ಐಎನ್-105, ಆಮೇಲೆ ಟ್ರೆಗೊಪಿಲ್. ಇಲ್ಲಿ ಅಯಾನಿಕ್ ದ್ರವ ಇಲ್ಲ. ಇನ್ಸುಲಿನ್ ಅಣುವಿಗೇ ಒಂದು ಚಿಕ್ಕ ಬಾಲ ಜೋಡಿಸಿ ಅದು ಕಿಣ್ವಗಳಿಗೆ ಸುಲಭವಾಗಿ ಸಿಗದಂತೆ ಮಾಡಿದರು. ಜೊತೆಗೆ ಹೀರಿಕೆ ಹೆಚ್ಚಿಸುವ ಸೋಡಿಯಂ ಕ್ಯಾಪ್ರೇಟ್ ಸೇರಿಸಿದರು. ಭಾರತದಲ್ಲಿ ಮನುಷ್ಯರ ಮೇಲೆ ಮೂರನೇ ಹಂತದ ಪರೀಕ್ಷೆಯವರೆಗೂ ಹೋದರು. 2011ರ ಜನವರಿಯಲ್ಲಿ ಫಲಿತಾಂಶ ಬಂತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ, ಬರೀ ಖಾಲಿ ಗುಳಿಗೆ ತೆಗೆದುಕೊಂಡವರಿಗಿಂತ ಸಾಕಷ್ಟು ವ್ಯತ್ಯಾಸ ಕಾಣಲಿಲ್ಲ, ಗುರಿ ಮುಟ್ಟಲಿಲ್ಲ. 2012ರಲ್ಲಿ ಅಮೆರಿಕದ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಕೆಲಸ ಮುಂದುವರಿಸಿದರು. ಕಂಪನಿ ಸೋಲನ್ನು ಬಹಿರಂಗವಾಗಿ ಹೇಳಿತು. ವಿಜ್ಞಾನದಲ್ಲಿ ಇದೂ ಒಂದು ಜಮಾ-ಖರ್ಚು, ಸೋಲನ್ನೂ ಪುಸ್ತಕದಲ್ಲಿ ಬರೆಯಬೇಕು.

ವಾಣಿಜ್ಯದ ಲೆಕ್ಕ

ಈಗ ನಮ್ಮ ವಿಭಾಗದ ಪಾಠಕ್ಕೆ ಬರೋಣ. ನುಂಗಿದ ಔಷಧಿಯಲ್ಲಿ ಎಷ್ಟು ಪಾಲು ರಕ್ತಕ್ಕೆ ಸೇರುತ್ತದೆಯೋ ಅದಕ್ಕೆ ಜೈವಿಕ ಲಭ್ಯತೆ ಎನ್ನುತ್ತಾರೆ. ಶೇಕಡಾ 2 ಎಂದರೆ 100 ರೂಪಾಯಿ ಮಾಲಿನಲ್ಲಿ 98 ರೂಪಾಯಿ ದಾರಿಯಲ್ಲೇ ನಷ್ಟ.

ಒಂದು ಊಹೆಯ ಲೆಕ್ಕ ಮಾಡೋಣ. ಅಂಕಿಗಳು ನನ್ನವು, ತಿಳಿಯಲು ಮಾತ್ರ. ಒಂದು ದಿನದ ಸೂಜಿಗೆ ಬೇಕಾದ ಇನ್ಸುಲಿನ್ ಬೆಲೆ 10 ರೂಪಾಯಿ, ಅದೆಲ್ಲ ರಕ್ತಕ್ಕೆ ಸೇರುತ್ತದೆ ಎಂದುಕೊಳ್ಳಿ. ಸೂಜಿ, ಹತ್ತಿ, ಐಸ್ ಡಬ್ಬಿ, ಅಂಗಡಿಗೆ ಹೋಗುವ ಬಸ್ ಖರ್ಚು ಸೇರಿ ದಿನಕ್ಕೆ ಇನ್ನೂ 40. ಒಟ್ಟು 50 ರೂಪಾಯಿ. ಈಗ ಗುಳಿಗೆ. ಲಭ್ಯತೆ ಶೇಕಡಾ 2 ಆದರೆ ಅಷ್ಟೇ ಕೆಲಸಕ್ಕೆ 50 ಪಟ್ಟು ಇನ್ಸುಲಿನ್ ಬೇಕು, 500 ರೂಪಾಯಿ. ಶೇಕಡಾ 10 ಆದರೆ 100 ರೂಪಾಯಿ. ಶೇಕಡಾ 20 ಆದರೆ 50 ರೂಪಾಯಿ. ನಮ್ಮ ಊಹೆಯಲ್ಲಿ ಶೇಕಡಾ 20 ಎಂಬುದೇ ಸರಿದೂಗುವ ಬಿಂದು. ಅದಕ್ಕಿಂತ ಕೆಳಗೆ ಗುಳಿಗೆ ಶ್ರೀಮಂತರ ಔಷಧಿ.

ಇದು ಬರೀ ಊಹೆಯಲ್ಲ ಎಂಬುದಕ್ಕೆ ನಿಜವಾದ ಉದಾಹರಣೆ ಇದೆ. ಡೆನ್ಮಾರ್ಕಿನ ನೋವೊ ನಾರ್ಡಿಸ್ಕ್ ಕಂಪನಿ ಐ338 ಎಂಬ ಇನ್ಸುಲಿನ್ ಗುಳಿಗೆ ತಯಾರಿಸಿತು. ಜರ್ಮನಿಯಲ್ಲಿ 50 ರೋಗಿಗಳ ಮೇಲೆ 8 ವಾರ ಪರೀಕ್ಷಿಸಿದಾಗ ಸಕ್ಕರೆ ಇಳಿಸುವುದರಲ್ಲಿ ಅದು ಗ್ಲಾರ್ಜಿನ್ ಎಂಬ ಸೂಜಿ ಇನ್ಸುಲಿನ್‌ಗೆ ಸರಿಸಮ ನಿಂತಿತು. ಔಷಧಿ ಗೆದ್ದಿತು. ಆದರೂ 2016ರಲ್ಲಿ ಕಂಪನಿ ಕೆಲಸ ನಿಲ್ಲಿಸಿತು. ಏಕೆಂದರೆ ಹೀರಿಕೆ ಬಹಳ ಕಡಿಮೆ, ಪ್ರತಿ ಗುಳಿಗೆಗೂ ಅಪಾರ ಇನ್ಸುಲಿನ್ ಬೇಕು, ಅಷ್ಟು ತಯಾರಿಸಿ ಮಾರುವುದು ಲಾಭದಾಯಕವಲ್ಲ. ಜೀವಶಾಸ್ತ್ರದಲ್ಲಿ ಪಾಸಾಗಿ ಅಕೌಂಟೆನ್ಸಿಯಲ್ಲಿ ಫೇಲಾದ ಔಷಧಿ ಇದು.

ಅದೇ ಕಂಪನಿಯ ಸೆಮಾಗ್ಲೂಟೈಡ್ ಗುಳಿಗೆಗೆ 2019ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಇದು ಇನ್ಸುಲಿನ್ ಅಲ್ಲ, ಆದರೆ ಸುಮಾರು 4,114 ಡಾಲ್ಟನ್ ತೂಕದ ದೊಡ್ಡ ಅಣುವೇ. ಇದಕ್ಕೆ ಸ್ನ್ಯಾಕ್ ಎಂಬ ಸಹಾಯಕ ವಸ್ತು ಸೇರಿಸಿದ್ದಾರೆ. ಖಾಲಿ ಹೊಟ್ಟೆಯಲ್ಲಿ ಸ್ವಲ್ಪವೇ ನೀರಿನೊಂದಿಗೆ ನುಂಗಿ ಕನಿಷ್ಠ ಅರ್ಧ ಗಂಟೆ ಏನೂ ತಿನ್ನಬಾರದು. ಆದರೂ ರಕ್ತಕ್ಕೆ ಸೇರುವುದು ಶೇಕಡಾ 1ರ ಆಸುಪಾಸು. ಸೂಜಿಯಲ್ಲಿ ವಾರಕ್ಕೆ ಅರ್ಧ ಅಥವಾ ಒಂದು ಮಿಲಿಗ್ರಾಂ ಸಾಕು. ಗುಳಿಗೆಯಲ್ಲಿ ದಿನಕ್ಕೆ 14 ಮಿಲಿಗ್ರಾಂ ಆದರೆ ವಾರಕ್ಕೆ 98. ವಾರಕ್ಕೊಮ್ಮೆ ಕೊಡುವ, ದೇಹದಲ್ಲಿ ಬಹಳ ದಿನ ಉಳಿಯುವ ಔಷಧಿಯಾದ್ದರಿಂದ ಇಷ್ಟು ನಷ್ಟವನ್ನೂ ತಡೆದುಕೊಂಡಿತು.

ಆದ್ದರಿಂದ ಅಯಾನಿಕ್ ದ್ರವದ ಕೆಲಸ ಬರೀ ರಸಾಯನಶಾಸ್ತ್ರದ್ದಲ್ಲ. ಹೀರಿಕೆಯನ್ನು ಶೇಕಡಾ 1ರಿಂದ 10ಕ್ಕೆ ಏರಿಸಿದರೆ ಬೇಕಾದ ಮಾಲು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬಡವನ ಕೈಗೆ ಗುಳಿಗೆ ಸಿಗುತ್ತದೆಯೇ ಇಲ್ಲವೇ ಎಂಬುದು ಅಲ್ಲಿ ನಿರ್ಧಾರವಾಗುತ್ತದೆ. ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ಇನ್ಸುಲಿನ್‌ನ ಪೇಟೆಂಟನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದೇ ಡಾಲರಿಗೆ ಕೊಟ್ಟರು. ಔಷಧಿ ಎಲ್ಲರಿಗೂ ಸಿಗಲಿ ಎಂಬುದು ಅವರ ಆಸೆಯಾಗಿತ್ತು.

ಇನ್ನೂ ಉತ್ತರ ಬೇಕಾದ ಪ್ರಶ್ನೆಗಳು

ಒಂದು, ಇಲಿಯಿಂದ ಮನುಷ್ಯನಿಗೆ. ಇಲಿಯಲ್ಲಿ ಗೆದ್ದದ್ದೆಲ್ಲ ಮನುಷ್ಯನಲ್ಲಿ ಗೆಲ್ಲುವುದಿಲ್ಲ. ಬೆಂಗಳೂರಿನ ಕಥೆಯಲ್ಲೇ ನೋಡಿದೆವು, ಮೂರನೇ ಹಂತದಲ್ಲೂ ಸೋಲಬಹುದು.

ಎರಡು, ದಿನವೂ ನುಂಗಿದರೆ? ಸಕ್ಕರೆ ಕಾಯಿಲೆಯವರಿಗೆ ಔಷಧಿ ಜೀವನಪೂರ್ತಿ ಬೇಕು. ಬಿಗಿ ಬೆಸುಗೆಗಳನ್ನು ವರ್ಷಗಟ್ಟಲೆ ದಿನವೂ ಸಡಿಲಿಸಿದರೆ, ಬೇಡದ ವಸ್ತುಗಳೂ ಒಳಗೆ ಬರುತ್ತವೆಯೇ ಎಂದು ದೀರ್ಘಕಾಲ ಪರೀಕ್ಷಿಸಿ ನೋಡಬೇಕು.

ಮೂರು, ಪ್ರತಿದಿನ ಒಂದೇ ಪ್ರಮಾಣ. ಇನ್ಸುಲಿನ್ ಕಡಿಮೆಯಾದರೆ ಸಕ್ಕರೆ ಏರುತ್ತದೆ, ಹೆಚ್ಚಾದರೆ ಇಳಿದು ಪ್ರಜ್ಞೆ ತಪ್ಪುತ್ತದೆ. ಬಿರಿಯಾನಿ ತಿಂದ ದಿನ ಶೇಕಡಾ 5, ಗಂಜಿ ಕುಡಿದ ದಿನ ಶೇಕಡಾ 15 ಹೀರಿದರೆ ಅದು ಅಪಾಯ. ಸೂಜಿಯ ದೊಡ್ಡ ಗುಣ ಎಂದರೆ ಅದು ಹೊಟ್ಟೆಯನ್ನು ಕೇಳುವುದಿಲ್ಲ.

ಈ ದಾರಿ ಇನ್ಸುಲಿನ್‌ಗೆ ಮಾತ್ರವಲ್ಲ. ಪ್ರತಿಕಾಯಗಳೆಂಬ ಔಷಧಿಗಳ ತೂಕ ಸುಮಾರು 1,50,000 ಡಾಲ್ಟನ್. ಕೋಲಿನ್ ಜೊತೆ ಗ್ಲೈಕೋಲಿಕ್ ಆಮ್ಲ ಸೇರಿಸಿದ ಮತ್ತೊಂದು ದ್ರವದಿಂದ ಅವನ್ನೂ ಕರುಳಿಗೆ ಸೇರಿಸಲು ಪ್ರಾಣಿಗಳಲ್ಲಿ ಪ್ರಯತ್ನ ನಡೆದಿದೆ.

ನಮ್ಮ ಮನೆಗಳಲ್ಲಿ ಕೇಳುವ ಇನ್ನೆರಡು ಪ್ರಶ್ನೆಗಳಿಗೂ ಉತ್ತರ ಬರೆಯುತ್ತೇನೆ. "ಇನ್ಸುಲಿನ್ ಹಂದಿಯದು" ಎಂದು ಹಳೆಯವರು ಹೇಳುತ್ತಾರೆ. ಹಿಂದೆ ಹಂದಿ ಮತ್ತು ದನದ ಗ್ರಂಥಿಯಿಂದ ತೆಗೆಯುತ್ತಿದ್ದರು, ನಿಜ. 1982ರಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಮಾನವ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಂದು ಸಾಮಾನ್ಯವಾಗಿ ಬಳಸುವುದು ಬ್ಯಾಕ್ಟೀರಿಯಾ ಅಥವಾ ಯೀಸ್ಟಿನಿಂದ ಮಾಡಿದ್ದು. ಸಂಶಯವಿದ್ದರೆ ಔಷಧಿ ಬಿಡಬೇಡಿ, ಡಾಕ್ಟರನ್ನು ಕೇಳಿ. ಹಾಗೆಯೇ ರಂಜಾನಿನಲ್ಲಿ ರೋಜಾ ಇಡಬೇಕೆಂದಿರುವ ಇನ್ಸುಲಿನ್ ರೋಗಿಗಳು ತಿಂಗಳು ಶುರುವಾಗುವ ಮೊದಲೇ ಡಾಕ್ಟರನ್ನು ಕಾಣಬೇಕು. ರೋಗಿಗೆ ರೋಜಾದಲ್ಲಿ ರಿಯಾಯಿತಿ ಇದೆ ಎಂಬುದು ನಮಗೆಲ್ಲ ಗೊತ್ತಿರುವ ಮಾತೇ.

ಸಾರಾಂಶ

ಇನ್ಸುಲಿನ್ ದೊಡ್ಡ ಅಣು ಮತ್ತು ಪ್ರೋಟೀನ್. ಕಿಣ್ವ, ಲೋಳೆ, ಬಿಗಿ ಗೋಡೆ ಎಂಬ ಮೂರು ತಡೆಗಳಿಂದ ಹೊಟ್ಟೆಯ ದಾರಿಯಲ್ಲಿ ಸೋಲುತ್ತದೆ. ದ್ರವರೂಪದ ಉಪ್ಪಾದ ಕೇಜ್ ಆ ಮೂರು ತಡೆಗಳನ್ನೂ ಇಲಿಗಳಲ್ಲಿ ಸಡಿಲಿಸಿ ತೋರಿಸಿದೆ. ಮನುಷ್ಯರಲ್ಲಿ ಸುರಕ್ಷತೆ, ಒಂದೇ ಪ್ರಮಾಣ, ಕೈಗೆಟುಕುವ ಬೆಲೆ ಮೂರೂ ಸಾಬೀತಾಗಬೇಕು. ನಮ್ಮ ಊರಿನ ಔಷಧಿ ಅಂಗಡಿಯಲ್ಲಿ ಸಿಗುವ ಸಕ್ಕರೆ ಗುಳಿಗೆ ಯಾವುದೂ ಇನ್ಸುಲಿನ್ ಗುಳಿಗೆಯಲ್ಲ. ಡಾಕ್ಟರ್ ಹೇಳದೆ ಇನ್ಸುಲಿನ್ ನಿಲ್ಲಿಸಬಾರದು.

ಅಭ್ಯಾಸ ಪ್ರಶ್ನೆಗಳು

1. ಮೆಟ್‌ಫಾರ್ಮಿನ್ ನುಂಗಬಹುದು, ಇನ್ಸುಲಿನ್ ನುಂಗಲಾಗದು. ಎರಡು ಕಾರಣ ಕೊಡಿ.

2. ಅಡಿಗೆ ಉಪ್ಪು ಗಟ್ಟಿ, ಕೇಜ್ ದ್ರವ. ಅಯಾನುಗಳ ಆಕಾರದಿಂದ ವಿವರಿಸಿ.

3. ಮೇಲಿನ ಊಹೆಯ ಲೆಕ್ಕದಲ್ಲಿ ಸೂಜಿಯ ಇತರ ಖರ್ಚು 40ರ ಬದಲು 90 ಆದರೆ ಸರಿದೂಗುವ ಬಿಂದು ಶೇಕಡಾ ಎಷ್ಟು? ಉತ್ತರ ಶೇಕಡಾ 10 ಬರಬೇಕು, ಮಾಡಿ ನೋಡಿ.

4. ನಿಮ್ಮ ಫೋನಿಗೆ ಬಂದ ಒಂದು ಆರೋಗ್ಯ ಸುದ್ದಿಯನ್ನು ಕೊನೆಯವರೆಗೆ ಓದಿ. ಪರೀಕ್ಷೆ ಯಾರ ಮೇಲೆ ಆಯಿತು, ಎಷ್ಟು ಜನರ ಮೇಲೆ ಆಯಿತು, ಔಷಧಿ ಅಂಗಡಿಗೆ ಬಂದಿದೆಯೇ ಎಂದು ಬರೆಯಿರಿ. ಮೂರಕ್ಕೂ ಉತ್ತರ ಸಿಗದಿದ್ದರೆ ಮನೆಯ ಹಿರಿಯರಿಗೆ ಓದಿ ಹೇಳಬೇಡಿ.

ದಾದಿಗೆ ನಾನು ಈ ಪಾಠವನ್ನು ಉರ್ದುವಿನಲ್ಲಿ ಹೇಳಿದೆ. ನಾಕಾದ ಮಾತು ಅವರಿಗೆ ಬೇಗ ಅರ್ಥವಾಯಿತು. ಸೋಲಾಪುರದವರು ಎಂದಾಗ, "ಹಾಗಾದರೆ ಬೇಗ ಮಾಡು ಅಂತ ಹೇಳು" ಎಂದರು. ಈಗಲೂ ಕೆಲವು ದಿನ ಬೆಳಿಗ್ಗೆ "ಗೋಲಿ ಆಯಿ ಕ್ಯಾ?" ಎಂದು ಕೇಳುತ್ತಾರೆ. ಇನ್ನೂ ಇಲ್ಲ ದಾದಿ ಎನ್ನುತ್ತೇನೆ. ಅವರು ಸೆರಗು ಸರಿಸುತ್ತಾರೆ. ನಾನು ಹತ್ತಿಯಿಂದ ಒರೆಸಿ, ಯೂನಿಟ್ ಎರಡು ಬಾರಿ ನೋಡಿ, ಸೂಜಿ ಹಾಕಿ ಬಸ್ಸಿಗೆ ಓಡುತ್ತೇನೆ.